ಡಬ್ಬದ ಮೇಲಿನ ಎರಡು ಫೋಟೊ

“ಥೂ ನಿನ್ನ! ನಿನ್ನ ಮುಖ ನೋಡಿ ನನ್ನ ಗಂಡ ಸಕ್ಕರೆ ಕಾಯಿಲೆ ಇಂಜೆಕ್ಷನ್ ಬಿಟ್ಟು ಈ ಪುಡಿ ನೆಕ್ತಾ ಕೂತವ್ನೆ. ಕಾಲು ಕಪ್ಪಗಾಗೈತೆ!”

ಹೆಂಗಸು ಪುಡಿಯ ಡಬ್ಬವನ್ನು ಮಂಚದ ಮೇಲೆ ಕುಕ್ಕಿದಳು. ಅದರ ಮೇಲೆ ಒಬ್ಬನದೇ ಎರಡು ಫೋಟೊ ಇದ್ದವು, ಕೆಳಗೆ ಅವನ ಹೆಸರು, ಊರು. ಅದನ್ನು ಓದಿಕೊಂಡೇ ಅವಳು ಈ ಮನೆ ಹುಡುಕಿ ಬಂದಿದ್ದಳು. ‘ಮೊದಲು’ ಎಂದಿದ್ದಲ್ಲಿ ಅವನು ಬಡಕಲಾಗಿದ್ದ. ‘ನೂರು ದಿನ ಪುಡಿ ತಿಂದ ಮೇಲೆ’ ಎಂದಿದ್ದಲ್ಲಿ ದುಂಡಗೆ ನಗುತ್ತಿದ್ದ. ಮಂಚದ ಮೇಲೆ ಮಲಗಿದ್ದವನು ಬಡಕಲಾಗಿಯೇ ಇದ್ದ.

“ವಾಸಿಯಾದೋನು ಮತ್ಯಾಕೆ ಹಿಂಗಾದೆ? ಪುಡಿ ಬಿಟ್ಯಾ?”

“ಬಿಟ್ಟಿಲ್ಲ ಕಣವ್ವ. ದಿನಕ್ಕೆರಡು ಚಮಚ ತಿಂತಾನೇ ಇದ್ದೆ. ನಿನ್ನೆ ಡಬ್ಬ ಮುಗೀತು.”

“ಹಂಗಾದ್ರೆ ಈ ದುಂಡಗಿರೋ ಫೋಟೊ ಯಾವಾಗಿಂದು?”

“ಅದಾ? ಪುಡಿ ಶುರು ಮಾಡಿದ ದಿನ ಕಂಪನಿಯೋರು ತೆಗೆದಿದ್ದು. ಬಡಕಲಾಗಿರೋದು ನೂರು ದಿನ ಆದ್ಮೇಲಿಂದು. ಇನ್ನೊಂದಿಷ್ಟು ದಿನ ತಿಂದ್ರೆ ಮತ್ತೆ ದುಂಡಗಾಗ್ತೀನಂತೆ.”

ಅವಳು ಡಬ್ಬವನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಡಬ್ಬಕ್ಕಾದರೂ ತಿರುಗಿ ಬಂದಾಳೆಂದು ಅವನು ಸಂಜೆಯವರೆಗೆ ಕಾದ. ಬರಲಿಲ್ಲ. ಆಮೇಲೆ ಹೆಂಡತಿಯನ್ನು ಕೂಗಿ, ಚಮಚ ತರಲು ಹೇಳಿದ.