ಕೋಳಿಗೆ ಒಮ್ಮೆ ತೋರಿಸಿ

ನಾಯಿಯ ಉಸಿರು ನಿಂತ ಮೇಲೆ, ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದ ಡಾಕ್ಟ್ರಮ್ಮ ಮೊದಲು ಎತ್ತಿದ್ದು ಕೋಳಿಯ ಮಾತು. "ಇದರ ಜೊತೆಗೆ ಮನೆಯಲ್ಲಿ ಒಂದು ಕೋಳಿ ಇದೆ ಅಂದಿದ್ರಲ್ಲ? ಹೂಳೋಕೆ ಮುಂಚೆ ಅದಕ್ಕೆ ಒಮ್ಮೆ ತೋರಿಸಿ."

ಡ್ರೈವಿಂಗ್ ಮೇಷ್ಟ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮರಿಯಿಂದ ಸಾಕಿದ ದೊರೆ ಮೇಜಿನ ಮೇಲೆ ತಣ್ಣಗಾಗುತ್ತಿದ್ದಾನೆ, ಈಕೆಗೆ ನೋಡಿದರೆ ಕೋಳಿಯ ಚಿಂತೆ.

"ಕೋಳಿಗೇನು ಗೊತ್ತಾಗುತ್ತೆ ಮೇಡಂ? ಇಲ್ಲಿಂದಲೇ ತಗೊಂಡು ಹೋಗಿ ಎಲ್ಲಾದ್ರೂ ಹೂತುಬಿಡ್ತೀನಿ. ಮನೆಗೆ ತಂದ್ರೆ ಅಮ್ಮ ನೋಡ್ತಾಳೆ. ವಯಸ್ಸಾದವಳು, ಯಾಕೆ ಬೇಕು ಆ ಸಂಕಟ?"

"ಕೋಳಿಗೆ ದುಃಖ ಆಗುತ್ತೋ ಬಿಡುತ್ತೋ ನಾನು ಹೇಳಲಾರೆ. ಅದು ಬಾಯಿಬಿಟ್ಟು ಹೇಳಲ್ಲ. ಆದ್ರೆ ತೋರಿಸದೆ ಹೋದ್ರೆ ಹುಡುಕ್ತಾ ಇರುತ್ತೆ. ಕಾಳು ನೀರು ಬಿಟ್ಟು ಹುಡುಕುತ್ತೆ. ಕಣ್ಣಾರೆ ನೋಡಿದ ಮೇಲೆ ಹುಡುಕೋದು ನಿಲ್ಲಿಸಿದ ಪ್ರಾಣಿಗಳನ್ನ ಕಂಡಿದ್ದೀನಿ, ಅದಕ್ಕೇ ಹೇಳಿದೆ."

"ನೋಡಿ ಒದ್ದಾಡೋದಕ್ಕಿಂತ ನೋಡದೆ ಇರೋದೇ ವಾಸಿ ಅಲ್ವಾ? ಹೋದ ವರ್ಷ ನಮ್ಮಪ್ಪ ತೀರಿಕೊಂಡಾಗ ಅಮ್ಮ ಸೊಂಟದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ಲು. ಅವಳಿಗೆ ಹೇಳದೆ ಎಲ್ಲ ಮುಗಿಸಿದ್ವಿ. ಮನೆಗೆ ಬಂದು ಚೇತರಿಸಿಕೊಂಡ ಮೇಲೇ ಹೇಳಿದ್ದು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಈಗಲೂ ಹೊತ್ತು ಹೊತ್ತಿಗೆ ಉಂಡುಕೊಂಡು ಆರಾಮಾಗಿದ್ದಾಳೆ."

ಡಾಕ್ಟ್ರಮ್ಮ ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಕೈ ತೊಳೆಯಲು ಹೋದರು. "ಕೋಳಿಗೆ ತೋರಿಸಿ," ಎಂದರು ನಲ್ಲಿಯ ಸದ್ದಿನ ನಡುವೆ.

ಮೇಷ್ಟ್ರು ಕೆಟ್ಟವರಲ್ಲ. ಕಾರು ಕಲಿಯುವವರ ಪಕ್ಕದಲ್ಲಿ ಕೂತು, ಅವರಿಗೆ ಗುಂಡಿ ಕಾಣುವ ಮೊದಲೇ ತಮ್ಮ ಕಾಲಡಿಯ ಬ್ರೇಕು ಒತ್ತುವುದು ಅವರ ಹೊಟ್ಟೆಪಾಡು. ಆ ಚಾಳಿ ಮನೆಗೂ ಬಂದಿತ್ತು, ಅಷ್ಟೇ. 'ಕಲಿಯುವವರಿದ್ದಾರೆ, ದೂರವಿರಿ' ಎಂಬ ಬೋರ್ಡಿನ ಅದೇ ಕಾರಿನ ಹಿಂದಿನ ಸೀಟಿನಲ್ಲಿ ದೊರೆಯನ್ನು ಮಲಗಿಸಿಕೊಂಡು, ಒಂದು ಕೋಳಿಗೋಸ್ಕರ ಇದೆಲ್ಲ ಬೇಕಾ ಎಂದು ಗೊಣಗುತ್ತಲೇ ಮನೆ ಕಡೆ ತಿರುಗಿಸಿದರು.

ಆ ಕೋಳಿಯಾದರೂ ಸಾಕಲೆಂದು ತಂದದ್ದಲ್ಲ, ಕೊಯ್ಯಲೆಂದು ತಂದದ್ದು. ಕಾಲಿಗೆ ಕಟ್ಟಿದ ದಾರ ಬಿಚ್ಚಿದ್ದೇ ತಡ, ಓಡಿಹೋಗಿ ದೊರೆಯ ಗೂಡಿಗೆ ನುಗ್ಗಿತ್ತು. ದೊರೆ ಬಾಗಿಲಿಗೆ ಅಡ್ಡ ಮಲಗಿ, ದಿನಾ ಊಟ ಹಾಕುವ ಅಮ್ಮನಿಗೂ ಹಲ್ಲು ತೋರಿಸಿದ್ದ. ಬಂದ ನೆಂಟರಿಗೆ ಅವತ್ತು ಮೊಟ್ಟೆಯೇ ಗತಿಯಾಯಿತು. ಮೈತುಂಬ ಚುಕ್ಕೆಯಿದ್ದ ಆ ಕೋಳಿ ಅಂದಿನಿಂದ ಮನೆಯ ಚುಕ್ಕಿ. ದೊರೆಯ ಕಿವಿಯಲ್ಲಿನ ಉಣ್ಣಿ ಹೆಕ್ಕುವುದು ಅದರ ಕೆಲಸ, ಮುಂಗಾಲುಗಳ ನಡುವೆ ಅದಕ್ಕೆ ಮಲಗಲು ಜಾಗ ಬಿಡುವುದು ಇವನ ಕೆಲಸ. "ನಾನೂ ನಿಮ್ಮಪ್ಪನೂ ಇಷ್ಟು ಹೊಂದಿಕೊಂಡು ಇರಲಿಲ್ಲ ಕಣೋ," ಎಂದು ಅಮ್ಮ ನಗುತ್ತಿದ್ದರು.

ಮನೆಯ ಗೇಟು ಎಂದಿನಂತೆ ಅರೆ ತೆರೆದಿತ್ತು. ದೊರೆ ಬೀದಿ ಸುತ್ತಿ ಬರಲಿ ಎಂದು ಅಮ್ಮ ಅದರ ಕೊಂಡಿ ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಇತ್ತೀಚೆಗೆ ಮುದಿ ದೊರೆ ಗೂಡು ಬಿಟ್ಟು ಏಳುತ್ತಲೇ ಇರಲಿಲ್ಲ. ಆದರೂ ಅಮ್ಮ ಬಿಡುತ್ತಿರಲಿಲ್ಲ.

ಅಮ್ಮ ಮೆಟ್ಟಿಲ ಮೇಲೆ ಕೋಲು ಊರಿಕೊಂಡು ಕೂತಿದ್ದರು. ಬೀದಿಯಲ್ಲಿ ಯಾವುದೋ ಸ್ಕೂಟರ್ ಸದ್ದಾಯಿತು, ಅವರು ತಲೆ ಎತ್ತಿ ಗೇಟಿನತ್ತ ನೋಡಿ ಮತ್ತೆ ಇಳಿಸಿದರು. ಮೇಷ್ಟ್ರು ಬೆಡ್‌ಶೀಟಿನಲ್ಲಿ ಸುತ್ತಿದ ದೊರೆಯನ್ನು ಅಂಗಳದಲ್ಲಿ ಮಲಗಿಸಿ, ಹೊದಿಕೆ ಸರಿಸಿದರು.

ಬೆಳಗಿನಿಂದ ಗೂಡಿನ ಒಳಗೂ ಹೊರಗೂ ಸುತ್ತಿ ಸುತ್ತಿ ಕೂಗುತ್ತಿದ್ದ ಚುಕ್ಕಿ ಓಡಿಬಂತು. ಅಭ್ಯಾಸದಂತೆ ಕಿವಿಯನ್ನು ಕುಕ್ಕಿತು. ಕಿವಿ ಅಲುಗಲಿಲ್ಲ. ಮತ್ತೆ ಕುಕ್ಕಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದು ಕಣ್ಣಿನಿಂದ. ಕೊನೆಗೆ ಆ ಮುಂಗಾಲುಗಳ ನಡುವೆ ಹೊಕ್ಕು, ರೆಕ್ಕೆ ಸಡಿಲಿಸಿ ಕೂತುಬಿಟ್ಟಿತು. ಎಷ್ಟೋ ಹೊತ್ತಿನ ಮೇಲೆ ಚುಕ್ಕಿ ತಾನಾಗಿಯೇ ಎದ್ದು ಮೈ ಕೊಡವಿ, ಗೂಡಿನ ಕಡೆಗೂ ಹೋಗದೆ, ಗೋಡೆಯ ಬದಿಯಲ್ಲಿ ಮಣ್ಣು ಕೆದಕತೊಡಗಿತು.

"ಡಾಕ್ಟ್ರು ಹೇಳಿದ್ದು ಸುಳ್ಳಲ್ಲ ನೋಡಮ್ಮ," ಎಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ. "ತೋರಿಸಿದ್ರೆ ಆಮೇಲೆ ಹುಡುಕಲ್ವಂತೆ."

"ಹಾಗಂದ್ರಾ?" ಎಂದರು ಅಮ್ಮ. ಅವರ ಕಣ್ಣು ಚುಕ್ಕಿಯ ಮೇಲೇ ಇತ್ತು.

ಹಿತ್ತಲಲ್ಲಿ ಗುಂಡಿ ತೋಡಿ, ದೊರೆಯನ್ನು ಮಣ್ಣು ಮಾಡಿ, ಕೈಕಾಲು ತೊಳೆದು ಬಂದಾಗ ಅಮ್ಮ ಅದೇ ಮೆಟ್ಟಿಲ ಮೇಲಿದ್ದರು. ಸದ್ಯ, ಅಮ್ಮ ಗಟ್ಟಿಯಾಗಿದ್ದಾಳೆ ಎಂದು ಮೇಷ್ಟ್ರಿಗೆ ಸಮಾಧಾನವಾಯಿತು. ಗೇಟಿನ ಹತ್ತಿರ ಹೋಗಿ ತುಕ್ಕು ಹಿಡಿದ ಕೊಂಡಿಯನ್ನು ಎತ್ತಿದರು.

"ಇನ್ನು ಹಾಕಬಹುದಲ್ಲಮ್ಮ. ಯಾರು ಬರೋದಿದೆ?"

"ಬೇಡ ಕಣೋ," ಎಂದರು ಅಮ್ಮ. "ಚುಕ್ಕಿ ನೋಡ್ತು, ಅದಕ್ಕೆ ಗೊತ್ತಾಯ್ತು. ನಿಮ್ಮಪ್ಪನ್ನ ನಾನು ನೋಡಲಿಲ್ವಲ್ಲ. ಗೇಟು ಹಾಗೇ ಇರಲಿ."