ಮೂರನೇ ಬಟ್ಟಲು

ಎರಡನೇ ಬಟ್ಟಲು ಕಾಫಿ ಮುಗಿಸಿದವನೇ ಮಂತ್ರಿ ಲೊಕಿರು ಕೋಟಿನ ಗುಂಡಿ ಹಾಕಿಕೊಂಡು ಎದ್ದುಬಿಟ್ಟ. ಅಡಿಸ್ ಅಬಾಬಾದ ಆ ಮನೆಯ ನಡುಕೋಣೆಯಲ್ಲಿ ಬೆಳಗಿನಿಂದ ಮಾತುಕತೆ ನಡೆದಿತ್ತು. ನಡೆದದ್ದು ಮಾತು ಮಾತ್ರ, ಕತೆ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ತಕರಾರೆಲ್ಲ ಒಂದೇ ಸಾಲಿನದು. ನದಿಯ ಉತ್ತರ ದಡದ ಲೊಕಿರುವಿನ ಸರ್ಕಾರ ದಕ್ಷಿಣ ದಡದ ಬಂಡುಕೋರರಿಗೆ ಇನ್ನು ಆಯುಧ ಕಳಿಸುವುದಿಲ್ಲ ಎಂದು ಬರೆದುಕೊಡಬೇಕು. ಅದೊಂದು ಬರೆದುಕೊಡಿ ಸಾಕು ಎಂದು ದಕ್ಷಿಣ ದಡದ ದೂತೆ ಫೆಲಿಸ್ತಾ ಪಟ್ಟು ಹಿಡಿದು ಕೂತಿದ್ದಳು. ನಿಲ್ಲಿಸುತ್ತೇನೆ ಎಂದು ಬರೆದರೆ ಇಷ್ಟು ದಿನ ಕಳಿಸುತ್ತಿದ್ದೆ ಎಂದಾಗುವುದಿಲ್ಲವೇ ಎಂಬುದು ಲೊಕಿರುವಿನ ವಾದ. ಬಂಡುಕೋರರು ಯಾರೆಂದೇ ಅವನಿಗೆ ಗೊತ್ತಿಲ್ಲ. ಯಾರೋ ಪಾಪದ ಮೀನುಗಾರರಿರಬೇಕು.

"ಮೀನುಗಾರರಿಗೆ ಫಿರಂಗಿ ಯಾಕೆ ಮಂತ್ರಿಗಳೇ?" ಎಂದು ಕೇಳಿದ್ದಳು ಫೆಲಿಸ್ತಾ.

"ನಮ್ಮ ನದೀಲಿ ಮೀನು ದೊಡ್ಡವು ಮೇಡಂ."

ಅವನು ಎದ್ದ ಹೊತ್ತಿಗೆ ಸರಿಯಾಗಿ ಫೆಲಿಸ್ತಾಳ ಫೋನು ಬಡಿದುಕೊಂಡಿತು. ತಂಗಿ ಸ್ಕೋಲಾ. ಅವಳು ನರ್ಸು. ಬಂಡುಕೋರರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಲುತೆಂಡೆ ಪಟ್ಟಣದ ಆಸ್ಪತ್ರೆಯಿಂದ ಗಾಯಾಳುಗಳನ್ನೂ ಬಸುರಿಯರನ್ನೂ ಲಾಂಚಿಗೆ ತುಂಬಿಕೊಂಡು ಆಗಷ್ಟೇ ಹೊರಟಿದ್ದಳು. ಫೆಲಿಸ್ತಾ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಅಕ್ಕಾ, ಆ ದಡದಿಂದ ಒಂದು ದೋಣಿ ಬಿಟ್ಟಿದೆ. ತುಂಬ ಪೆಟ್ಟಿಗೆ. ಗುಡ್ಡದ ಮೇಲಿನೋರ ಹತ್ರ ಗುಂಡು ಖಾಲಿ ಅಂತಾನೇ ನಾವು ಧೈರ್ಯ ಮಾಡಿ ಹೊರಟಿದ್ದು. ಅದು ಹೋಗಿ ಮುಟ್ಟಿದ್ರೆ ನಾವು ಆ ಗುಡ್ಡದ ಬುಡಾನೂ ದಾಟಲ್ಲ."

ಎಲ್ಲರ ಕಣ್ಣೂ ಲೊಕಿರುವಿನ ಮೇಲೆ. ಮೀನಿನ ದೋಣಿ ಇದ್ದೀತು, ತನಗೆ ವಿಮಾನದ ಹೊತ್ತಾಯಿತು ಎಂದ. ಕೋಟಿಗೆ ಗುಂಡಿ ಬಿದ್ದಿತ್ತು, ದನಿಯ ಗುಂಡಿ ಕಳಚಿತ್ತು.

ಮನೆಯೊಡತಿ ಅಸ್ಕಾಲೆಯಮ್ಮ ತಲೆ ಎತ್ತಲಿಲ್ಲ. ಒಂದು ಕಾಲದ ರಾಯಭಾರಿ, ಈಗ ಎರಡೂ ದಡದವರು ಒಪ್ಪಿದ ಮಧ್ಯಸ್ಥೆ. ಲೊಕಿರು ಇದೇ ಊರಲ್ಲಿ ಓದುವಾಗ ಹಸಿದ ಹೊಟ್ಟೆಗೆ ಇದೇ ಮನೆಯ ಇಂಜೆರಾ ರೊಟ್ಟಿ ಹರಿದು ತಿಂದವನು. ಆಕೆ ಅದೇ ಕಾಫಿಪುಡಿಯ ಮೇಲೆ ಮತ್ತೆ ನೀರು ಹೊಯ್ದು, ಮಣ್ಣಿನ ಹೂಜಿಯನ್ನು ಕೆಂಡದ ಮೇಲಿಟ್ಟರು.

"ಕೂತ್ಕೊಳೋ. ಮೂರನೇದು ಆಶೀರ್ವಾದದ ಬಟ್ಟಲು. ಅದನ್ನ ಬಿಟ್ಟು ಈ ಮನೆಯಿಂದ ಯಾರೂ ಎದ್ದು ಹೋಗಿಲ್ಲ."

"ಅಮ್ಮಾ, ಗುರುತಿಲ್ಲದೋರಿಗೆ ನಾನೇನು ಹೇಳ್ಲಿ?"

"ಅವರಿಗೆ ಹೇಳು ಅಂದ್ನಾ ನಾನು? ಹೆಂಡತಿಗೆ ಫೋನ್ ಮಾಡು, ಬರೋದು ತಡ ಅಂತ. ಮೂರನೇ ಬಟ್ಟಲು ಮುಗಿಯೋವರೆಗೂ ನಿಮ್ಮ ನದೀಲಿ ಯಾರೂ ಮೀನು ಹಿಡಿಯೋದು ಬೇಡ ಅಂತಾನೂ ಹೇಳು. ಅಷ್ಟೇ."

ಲೊಕಿರು ಜಗಲಿಗೆ ಹೋದ. ಗಾಜಿನಾಚೆ ಅವನು ಎದೆ ಸೆಟೆಸಿ, ಬೆರಳು ಝಾಡಿಸಿ, ಗಾಳಿಯಲ್ಲೇ ಗೆರೆ ಎಳೆದು ಮಾತಾಡುವುದು ಕಾಣುತ್ತಿತ್ತು. ಹೆಂಡತಿಯ ಜೊತೆ ಹಾಗೆ ಮಾತಾಡಿದ ಗಂಡನಿಗೆ ಯಾವ ದೇಶದಲ್ಲೂ ರಾತ್ರಿ ಊಟ ಸಿಕ್ಕಿದ್ದಿಲ್ಲ.

ಒಳಗೆ ಫೆಲಿಸ್ತಾ ಒಂದು ಹಿಡಿ ಜೋಳದ ಅರಳು ಬಾಯಿಗೆ ಹಾಕಿಕೊಂಡು ಅಗಿಯುವುದನ್ನೇ ಮರೆತಿದ್ದಳು. ಫೋನಿನಲ್ಲಿ ಲಾಂಚಿನ ಇಂಜಿನು ಗೂರಲು ಕೆಮ್ಮಿನಂತೆ ಕೆಮ್ಮುತ್ತಿತ್ತು. ದೋಣಿ ಇನ್ನೂ ಬರ್ತಿದೆ ಎಂದಳು ಸ್ಕೋಲಾ. ಆಮೇಲೆ, ನಡುನೀರಲ್ಲಿ ನಿಂತಿದೆ ಎಂದಳು. ಹೂಜಿಯ ಕೊರಳಲ್ಲಿ ಕಾಫಿ ಉಕ್ಕಿ ಬಂತು.

"ಅಕ್ಕಾ, ಮೂತಿ ತಿರುಗಿಸ್ತು. ವಾಪಸ್ ಹೋಗ್ತಿದೆ."

ಬೆವರು ಒರೆಸಿಕೊಳ್ಳುತ್ತ ಲೊಕಿರು ಒಳಗೆ ಬಂದ. "ಬಟ್ಟಲು ಮುಗಿಯೋವರೆಗೆ ಅಂತ ಹೇಳಿದ್ದೀನಿ. ಅದರಾಚೆ ಅವಳು ನನ್ನ ಮಾತು ಕೇಳಲ್ಲ."

"ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ," ಎಂದಳು ಫೆಲಿಸ್ತಾ, ಅರಳನ್ನು ಕೆನ್ನೆಗೆ ಒತ್ತರಿಸಿಕೊಂಡು. "ಆಕೆಯನ್ನೇ ಮಾತುಕತೆಗೆ ಕಳಿಸಿದ್ರೆ ಹೋದ ವರ್ಷಾನೇ ಮುಗೀತಿತ್ತು."

ಅಸ್ಕಾಲೆಯಮ್ಮ ಬಗ್ಗಿಸಿಕೊಟ್ಟರು. ಮೂರನೇ ಸುತ್ತಿನ ಕಾಫಿ ತೆಳ್ಳಗೆ. ಬಟ್ಟಲೋ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು. ಲಾಂಚು ಇನ್ನೂ ಗುಡ್ಡದ ನೇರಕ್ಕೇ ಇತ್ತು. ಮಾತಿಗೆ ನಿಲ್ಲದ ಮಂತ್ರಿ ಕಾಫಿಗೆ ನಿಂತ. ಗುಬ್ಬಿಯ ಹಾಗೆ ಒಂದೊಂದೇ ಹನಿ ಹೀರುತ್ತ, ನಡುನಡುವೆ ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡುತ್ತ ಕೂತ. ಫೆಲಿಸ್ತಾಳ ಕಣ್ಣೂ ಅಲ್ಲೇ.

ಫೋನಿನಲ್ಲಿ ಒಮ್ಮೆಲೇ ಹೆಂಗಸರ ಸಂತೋಷದ ಕೇಕೆ ಎದ್ದಿತು. ಲಾಂಚು ನದಿಯ ತಿರುವು ದಾಟಿತ್ತು. ಫೆಲಿಸ್ತಾ ಮುಖ ಮುಚ್ಚಿಕೊಂಡು, ಆಗ ನೆನಪಾಗಿ, ಬಾಯಲ್ಲಿದ್ದ ಅರಳನ್ನು ಅಗಿದಳು.

ಲೊಕಿರು ಉಸಿರು ಬಿಟ್ಟು, ಉಳಿದದ್ದನ್ನು ಮುಗಿಸಲು ಬಟ್ಟಲು ಎತ್ತಿದ.

"ನಾಳೆ ಇನ್ನೊಂದು ಲಾಂಚಿದೆ," ಎಂದಳು ಫೆಲಿಸ್ತಾ. ಬೆಳಗಿನಿಂದ ಅವಳು ತಗ್ಗಿದ ದನಿಯಲ್ಲಿ ಆಡಿದ ಮೊದಲ ಮಾತು ಅದು.

ತುಟಿಯವರೆಗೆ ಹೋದ ಬಟ್ಟಲು ಅಲ್ಲೇ ನಿಂತಿತು. ಅವನು ಅವಳನ್ನು ನೋಡಿದ, ಕಾಫಿಯನ್ನು ನೋಡಿದ, ನಿಧಾನಕ್ಕೆ ಕೆಳಗಿಟ್ಟ. ಅಸ್ಕಾಲೆಯಮ್ಮ ಒಂದು ತಟ್ಟೆ ತೆಗೆದು ಅದರ ಮೇಲೆ ಮುಚ್ಚಿದರು. ಸಹಿ ಹಾಕಬೇಕಿದ್ದ ಕಾಗದ ಪಕ್ಕದಲ್ಲೇ ಬೆಳ್ಳಗೆ ಬಿದ್ದಿತ್ತು, ಅದನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಅಸ್ಕಾಲೆಯಮ್ಮನ ಗಂಡ ಮೆಕುರಿಯಾ ಒಳಗಿನಿಂದ ಬಂದರು. ನಿವೃತ್ತಿಯ ನಂತರ ಮನೆಯ ಪಾತ್ರೆಪಗಡಿಯ ಖಾತೆ ಅವರದು, ಎಂಜಲು ಬಟ್ಟಲು ಕಂಡರೆ ಕೈ ಸುಮ್ಮನಿರದು. ಎಲ್ಲವನ್ನೂ ತಟ್ಟೆಗೆ ಪೇರಿಸಿಕೊಂಡು, ಕೊನೆಯದರ ಮುಚ್ಚಳ ತೆಗೆದು ಇಣುಕಿದರು.

"ಇದು ಆರಿ ತಣ್ಣಗಾಗಿದೆ. ಚೆಲ್ಲಿ ತೊಳೆದುಬಿಡ್ಲಾ?"

"ಬೇಡ!"

ಕೂಗಿದವರು ಲೊಕಿರು ಮತ್ತು ಫೆಲಿಸ್ತಾ. ಇಬ್ಬರೂ ಎದ್ದು ನಿಂತಿದ್ದರು. ಬೆಳಗಿನಿಂದ ಎರಡೂ ದಡದವರು ಒಪ್ಪಿದ ಮಾತು ಅದೊಂದೇ.

ಮೆಕುರಿಯಾರ ಕೈಯಲ್ಲಿ ಬಟ್ಟಲು ಓಲಾಡಿತು. ತಳದಲ್ಲಿ ಉಳಿದದ್ದು ಒಂದು ಗುಟುಕು.