ಹೆಸರಿಲ್ಲದ ನಿಧನ ವಾರ್ತೆ

ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಊರವರ ನಿಧನ ವಾರ್ತೆ ಬರೆದವನಿಗೆ ಆ ಭಾನುವಾರ ತನ್ನದನ್ನೇ ಬರೆಯಬೇಕಾಯಿತು. ಸಾರ್ಥಕ ಬದುಕಿನ ಶಿಬಿರದಲ್ಲಿ ಕೊಟ್ಟ ಹೋಂವರ್ಕ್ ಅದು.

“ಹೆಸರು, ವಯಸ್ಸು, ಉದ್ಯೋಗ ಬೇಡ. ಹೇಗೆ ಬದುಕಿದಿರಿ ಅನ್ನೋದಷ್ಟೇ ಇರಲಿ” ಎಂದಿದ್ದರು ಶಿಬಿರದ ಗುರುಗಳು. “ಮನೆಯವರಿಗೆ ಓದೋಕೆ ಕೊಡಿ. ಇದು ನೀವೇ ಅಂತ ಅವರು ಗುರುತು ಹಿಡಿದರೆ ನಿಮ್ಮ ದಾರಿ ಸರಿಯಾಗಿದೆ.”

ಅವನು ನಾಲ್ಕು ಸಲ ತಿದ್ದಿ, ನಿಜವೆನಿಸಿದ್ದನ್ನಷ್ಟೇ ಉಳಿಸಿಕೊಂಡ. ಸಂಜೆ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಯ ಮುಂದೆ ಹಾಳೆ ಹಿಡಿದ.

“ಭಾನುವಾರನೂ ಆಫೀಸಿನ ಸಾವುಗಳನ್ನ ಮನೆಗೆ ತಂದ್ರಾ?” ಎನ್ನುತ್ತಲೇ ಅವಳು ಓದತೊಡಗಿದಳು.

‘ಮೃತರು ಮನೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ತಪ್ಪಾದರೆ ಒಪ್ಪಿಕೊಳ್ಳುತ್ತಿದ್ದರು. ಪತ್ನಿ ಬಾಯಿ ಬಿಡುವ ಮೊದಲೇ ಆಕೆಯ ಮನಸ್ಸನ್ನು ಅರಿಯುತ್ತಿದ್ದರು.’

ಅವಳ ಕಣ್ಣು ತುಂಬಿ ಬಂತು. ಅವನ ಎದೆ ಹಗುರಾಯಿತು.

“ಯಾರು ಅಂತ ಗೊತ್ತಾಯ್ತಾ?” ಎಂದು ಮೆಲ್ಲಗೆ ಕೇಳಿದ.

“ಹೆಸರೇ ಹಾಕಿಲ್ವಲ್ರೀ, ನಂಗೆ ಹೇಗೆ ಗೊತ್ತಾಗುತ್ತೆ?” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ, ಇಂಥ ಗಂಡನ್ನ ಕಳ್ಕೊಂಡು ಆ ಹೆಂಗಸು ಇನ್ನು ಹೇಗೆ ಬದುಕ್ತಾಳೋ!”